ಕಾರ್ಡ್ ಕೊಳ್ಳುವ ಮೊದಲು ಕ್ಯಾಸೆಟ್ ನೋಡಿ

(ಮನೆಯ ಹಳೆಯ ವಿಡಿಯೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಎಡಿಟ್ ಮಾಡುವ ಬಗ್ಗೆ ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿಗೆ ಬರುವ ಮೊದಲೇ ನಿಮ್ಮಲ್ಲಿ ಹಲವರು ಒಂದೇ ಪ್ರಶ್ನೆ ಕಳಿಸಿದ್ದೀರಿ. ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಲು ಯಾವ ಕ್ಯಾಪ್ಚರ್ ಕಾರ್ಡ್ ತಗೊಳ್ಳೋದು? ಹೆಸರು ಹೇಳಿಬಿಡಿ, ಶನಿವಾರ ಕಂಪ್ಯೂಟರ್ ಅಂಗಡಿಗಳಿರುವ ಎಸ್‌.ಪಿ. ರೋಡಿಗೆ ಹೋಗಿ ತಂದುಬಿಡುತ್ತೇವೆ ಅಂತ. ಹೆಸರು ಹೇಳುತ್ತೇನೆ, ಅದಕ್ಕೆ ಸ್ವಲ್ಪ ಹೊತ್ತಿದೆ. ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಮನೆಯ ಅಟ್ಟದಲ್ಲಿ ಇರುವುದು ಯಾವ ಕ್ಯಾಸೆಟ್?

ಎತ್ತಿದ ಕೈಗಳನ್ನು ನೋಡಿದರೆ ಜಾಸ್ತಿ ಜನರ ಹತ್ತಿರ ವಿಎಚ್‌ಎಸ್ ಇದೆ. ಅದೇ ದೊಡ್ಡ ಕಪ್ಪು ಕ್ಯಾಸೆಟ್. ಸರಿ, ಇದು ನಿರೀಕ್ಷಿಸಿದ್ದೇ. ಕೆಲವರ ಹತ್ತಿರ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಿದೆ. ಅದರಲ್ಲೂ ಎರಡು ಜಾತಿ. ಒಂದು ವಿಡಿಯೋ8, ಹೈ8, ಡಿಜಿಟಲ್8 ಕುಟುಂಬದ್ದು. ಈ ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹಾಗಾಗಿ ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ನೆನಪಿಟ್ಟುಕೊಳ್ಳಬೇಕು. ಇನ್ನೊಂದು ಅದಕ್ಕಿಂತ ಚಿಕ್ಕದು, ಮಿನಿಡಿವಿ. 2000ದ ನಂತರ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ, ವಿದೇಶಕ್ಕೆ ಹೋಗಿ ಬರುವಾಗ ಕ್ಯಾಮೆರಾ ತಂದವರ ಮನೆಯಲ್ಲಿ ಹೆಚ್ಚಾಗಿ ಇದೇ ಇರುತ್ತದೆ.

ಇದನ್ನು ಯಾಕೆ ಕೇಳಿದೆ ಅಂದರೆ, ಯಾವ ಕಾರ್ಡ್ ಬೇಕು ಅನ್ನುವುದನ್ನು ತೀರ್ಮಾನ ಮಾಡುವುದು ನಿಮ್ಮ ಕ್ಯಾಸೆಟ್ಟೇ. ಅಂಗಡಿಯವರಿಗೆ ಅದು ಗೊತ್ತಿಲ್ಲ, ಅವರು ಕೇಳುವುದೂ ಇಲ್ಲ. ಅವರು ಕೇಳುವುದು "ಬಜೆಟ್ ಎಷ್ಟು ಸಾರ್?" ಅಂತ ಮಾತ್ರ.

ಮಿನಿಡಿವಿ ಇರುವವರ ಕೆಲಸ ಸುಲಭ. ಅವರದನ್ನು ಮೊದಲು ಮುಗಿಸುತ್ತೇನೆ. ನಿಮಗೆ ಕ್ಯಾಪ್ಚರ್ ಕಾರ್ಡ್ ಬೇಕಾಗಿಯೇ ಇಲ್ಲ. ಆ ಟೇಪಿನಲ್ಲಿ ಚಿತ್ರ ಆಗಲೇ ಡಿಜಿಟಲ್ ರೂಪದಲ್ಲಿ ಇದೆ, ಸೆಕೆಂಡಿಗೆ 25 ಮೆಗಾಬಿಟ್ ಲೆಕ್ಕದಲ್ಲಿ. ನಿಮ್ಮ ಕೆಲಸ ಅದನ್ನು ಹಾಗೇ ಕಾಪಿ ಮಾಡಿಕೊಳ್ಳುವುದು. ಅದಕ್ಕೆ ಬೇಕಾದ್ದು ಫೈರ್‌ವೈರ್ ಪೋರ್ಟ್. ಸೋನಿಯವರು ಅದನ್ನೇ ಐ.ಲಿಂಕ್ ಅಂತ ಕರೆದರು. ಕ್ಯಾಮೆರಾದ ಪಕ್ಕದಲ್ಲಿ ಸಣ್ಣ ಮುಚ್ಚಳ ತೆಗೆದರೆ ನಾಲ್ಕು ಪಿನ್ನಿನ ಕಿಂಡಿ ಕಾಣುತ್ತದೆ, "ಡಿವಿ" ಅಂತ ಬರೆದಿರುತ್ತದೆ. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಫೈಲ್ ಬರುತ್ತದೆ. ಟೇಪಿನಲ್ಲಿ ಇದ್ದದ್ದು ಪೂರ್ತಿ ಬರುತ್ತದೆ. ಎಷ್ಟು ದುಡ್ಡು ಸುರಿದು ದೊಡ್ಡ ಕ್ಯಾಪ್ಚರ್ ಕಾರ್ಡ್ ತಂದರೂ ಇದಕ್ಕಿಂತ ಚೆನ್ನಾಗಿ ಬರಲು ಸಾಧ್ಯವಿಲ್ಲ.

ಇಲ್ಲಿ ಎಡವುವ ಜಾಗಗಳಿವೆ. ಅದೇ ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿಯೂ ಇರುತ್ತದೆ. ಅದನ್ನು ನೋಡಿದ ತಕ್ಷಣ ಖುಷಿಪಡಬೇಡಿ. ಹೆಚ್ಚಿನ ಮಾಡೆಲ್‌ಗಳಲ್ಲಿ ಅದು ಇರುವುದು ಮೆಮೊರಿ ಕಾರ್ಡಿನ ಫೋಟೋ ತೆಗೆಯಲು, ಇಲ್ಲವೇ ವೆಬ್‌ಕ್ಯಾಮ್ ಥರ ಬಳಸಲು. ಅದರಲ್ಲಿ ವಿಡಿಯೋ ಬಂದರೂ ಸಣ್ಣ, ಮಸುಕು ಚಿತ್ರ ಬರುತ್ತದೆ. ಇನ್ನೊಂದು, ಒಂದು ತುದಿಯಲ್ಲಿ ಫೈರ್‌ವೈರ್, ಇನ್ನೊಂದು ತುದಿಯಲ್ಲಿ ಯುಎಸ್‌ಬಿ ಇರುವ ಅಗ್ಗದ ಕೇಬಲ್ ಮಾರುತ್ತಾರೆ. ಅದರೊಳಗೆ ಬರೀ ತಂತಿ. ಈ ಎರಡು ಪೋರ್ಟ್‌ಗಳು ಮಾತಾಡುವ ಭಾಷೆಯೇ ಬೇರೆ, ತಂತಿ ಜೋಡಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಆ ದುಡ್ಡಿಗೆ ಕಾಫಿ ಕುಡಿಯಿರಿ.

ಡೆಸ್ಕ್‌ಟಾಪ್ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕುವ ಫೈರ್‌ವೈರ್ ಕಾರ್ಡ್ ತೆಗೆದುಕೊಳ್ಳಿ. ಅದರ ಮೇಲಿನ ಚಿಪ್ಪು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ದಾದರೆ ತಲೆನೋವು ಕಡಿಮೆ. ಲ್ಯಾಪ್‌ಟಾಪ್ ಮಾತ್ರ ಇದ್ದವರು ಫೈರ್‌ವೈರ್ ಇರುವ ಹಳೆಯ ಲ್ಯಾಪ್‌ಟಾಪ್ ಯಾರ ಹತ್ತಿರವಾದರೂ ಇದೆಯಾ ಅಂತ ಕೇಳಿ. ಹಳೆಯ ಮ್ಯಾಕ್‌ಬುಕ್ ಪ್ರೋ ಸಿಕ್ಕರೆ ಒಳ್ಳೆಯದು, ಆದರೆ ಅದನ್ನು ಹೊಸ ಸಾಫ್ಟ್‌ವೇರಿಗೆ ಅಪ್‌ಡೇಟ್ ಮಾಡಬೇಡಿ. 2025ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋದಲ್ಲಿ ಆಪಲ್ ಫೈರ್‌ವೈರ್ ಬೆಂಬಲವನ್ನೇ ತೆಗೆದುಹಾಕಿದೆ. ಮತ್ತೆ, ಕೇಬಲ್ ಸಿಕ್ಕಿಸುವಾಗ ಕ್ಯಾಮೆರಾ, ಕಂಪ್ಯೂಟರ್ ಎರಡೂ ಆಫ್ ಇರಲಿ. ಕಂಪ್ಯೂಟರ್ ಕಡೆಯ ಆರು ಪಿನ್ನಿನ ಫೈರ್‌ವೈರ್ ಪೋರ್ಟಿನಲ್ಲಿ ಕರೆಂಟ್ ಹರಿಯುತ್ತದೆ. ಓರೆಯಾಗಿ ತುರುಕಿ ಕ್ಯಾಮೆರಾದ ಪೋರ್ಟ್ ಸುಟ್ಟುಕೊಂಡವರು ಇದ್ದಾರೆ.

ವಿಡಿಯೋ8, ಹೈ8 ಇರುವವರಿಗೂ ಒಂದು ಅಡ್ಡದಾರಿ ಇದೆ. ಡಿಜಿಟಲ್8 ಕ್ಯಾಮೆರಾಗಳಲ್ಲಿ ಕೆಲವು ಮಾಡೆಲ್‌ಗಳು ಈ ಹಳೆಯ ಟೇಪುಗಳನ್ನೂ ಓಡಿಸಿ, ಒಳಗೇ ಡಿಜಿಟಲ್ ಮಾಡಿ, ಫೈರ್‌ವೈರ್ ಮೂಲಕ ಕೊಡುತ್ತವೆ. ಎಲ್ಲ ಮಾಡೆಲ್‌ಗಳಲ್ಲಿ ಈ ಸೌಲಭ್ಯ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಿಮ್ಮದೇ ಟೇಪ್ ಹಾಕಿ ನೋಡಿ ಆಮೇಲೆ ದುಡ್ಡು ಕೊಡಿ.

ಇನ್ನು ವಿಎಚ್‌ಎಸ್. ಇವತ್ತಿನ ಮಾತೆಲ್ಲ ಹೆಚ್ಚು ಕಡಿಮೆ ಇದರ ಸುತ್ತಲೇ.

ಎಂಬತ್ತರ ದಶಕ ನೆನಪಿರುವವರು ಇಲ್ಲಿದ್ದೀರಿ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟಿವಿ ಬಂತು. ಅದರ ಹಿಂದೆಯೇ ಕ್ಯಾಸೆಟ್ ಓಡಿಸುವ ಯಂತ್ರ ವಿಸಿಆರ್, ಬೀದಿ ಬೀದಿಗೆ ವಿಡಿಯೋ ಲೈಬ್ರರಿ. ಆಮೇಲೆ ಮದುವೆ ಅಂದರೆ ವಿಡಿಯೋ ಇರಲೇಬೇಕು ಅನ್ನುವ ಕಾಲ. ಆ ಟೇಪುಗಳಲ್ಲಿ ಇರುವುದು ಪಾಲ್, ಅಂದರೆ ನಮ್ಮ ದೇಶದ ಟಿವಿ ಪದ್ಧತಿಯ ಚಿತ್ರ. ಒಂದು ಫ್ರೇಮಿಗೆ 625 ಗೆರೆ, ಅದರಲ್ಲಿ ಚಿತ್ರ ಇರುವುದು 576 ಗೆರೆಗಳಲ್ಲಿ. ಸೆಕೆಂಡಿಗೆ 25 ಫ್ರೇಮ್, ಒಂದೊಂದೂ ಎರಡು ಅರ್ಧವಾಗಿ: ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಅಂದರೆ ಸೆಕೆಂಡಿಗೆ 50 ಅರ್ಧ ಚಿತ್ರಗಳು. ಈ 50 ಅನ್ನುವ ಸಂಖ್ಯೆ ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಕಾರ್ಡಿಗೆ ಎತ್ತಿಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಿಸಿಆರ್‌ಗೆ ಹಾಕಿ ಅಂದರೆ ನಿಮಗೆ ಆಶ್ಚರ್ಯ ಆಗಬಹುದು. ಆದರೆ ಟೇಪಿನಿಂದ ಚಿತ್ರ ಎತ್ತುವುದು ವಿಸಿಆರ್‌ನ ಹೆಡ್. ಅದು ಎತ್ತದೆ ಬಿಟ್ಟದ್ದನ್ನು ಯಾವ ಕಾರ್ಡೂ ಹುಟ್ಟಿಸಿ ಕೊಡುವುದಿಲ್ಲ. ಹೊಸ ವಿಸಿಆರ್ ಈಗ ಸಿಗುವುದಿಲ್ಲ. ಕೊನೆಯದಾಗಿ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಹಾಗಾಗಿ ಎಲ್ಲರೂ ಹಳೆಯದನ್ನೇ ಹುಡುಕಬೇಕು. ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ನೆಂಟರ ಮನೆ, ಹಳೆ ಸಾಮಾನಿನ ಅಂಗಡಿ. ಒಳಗಿನ ಬೆಲ್ಟ್ ಜಡ್ಡುಗಟ್ಟಿರುತ್ತದೆ, ಟೇಪನ್ನು ಎಳೆಯುವ ರಬ್ಬರ್ ಉರುಳೆ, ಪಿಂಚ್ ರೋಲರ್, ಗಟ್ಟಿಯಾಗಿರುತ್ತದೆ. ಇವನ್ನು ಸರಿ ಮಾಡುವ ಹಿರಿಯ ಮೆಕ್ಯಾನಿಕ್ ನಿಮ್ಮ ಬಡಾವಣೆಯಲ್ಲಿ ಇನ್ನೂ ಅಂಗಡಿ ತೆರೆದಿದ್ದರೆ ಈ ವಾರವೇ ಹೋಗಿ.

ವಿಸಿಆರ್ ಬಂದ ತಕ್ಷಣ ಅಪ್ಪ ಅಮ್ಮನ ಮದುವೆ ಕ್ಯಾಸೆಟ್ ಹಾಕಬೇಡಿ. ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು. ನಮ್ಮ ಮಳೆಗಾಲದಲ್ಲಿ, ಗಾಳಿಯಾಡದ ಅಟ್ಟದಲ್ಲಿ ವರ್ಷಗಟ್ಟಲೆ ಇದ್ದ ಕ್ಯಾಸೆಟ್ಟಿಗೆ ಬರದೆ ಇದ್ದರೇ ವಿಶೇಷ. ಬೂಷ್ಟು ಹಿಡಿದ ಟೇಪ್ ಓಡಿಸಿದರೆ ಅದು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹಾಕಿದ ಒಳ್ಳೆಯ ಟೇಪಿಗೂ ಅಂಟುತ್ತದೆ. ಅಂಥದ್ದನ್ನು ಬೇರೆ ಇಡಿ, ಸ್ವಚ್ಛ ಮಾಡಲು ಗೊತ್ತಿರುವವರಿಗೆ ಕೊಡಿ. ಚೆನ್ನಾಗಿರುವ ಟೇಪನ್ನು ಒಮ್ಮೆ ಕೊನೆಯವರೆಗೆ ಫಾರ್ವರ್ಡ್ ಮಾಡಿ, ರಿವೈಂಡ್ ಮಾಡಿ, ಆಮೇಲೆ ಪ್ಲೇ ಒತ್ತಿ. ಒಂದರ ಮೇಲೊಂದು ಅಂಟಿಕೊಂಡ ಸುತ್ತುಗಳು ಬಿಟ್ಟುಕೊಳ್ಳುತ್ತವೆ.

ಅಮೆರಿಕದಿಂದ ಮಗ ಕಳಿಸಿದ ಮೊಮ್ಮಗುವಿನ ಕ್ಯಾಸೆಟ್ ಇದೆ ಅಂತ ಹಿಂದಿನ ಸಾಲಿನಿಂದ ಒಬ್ಬರು ಹೇಳುತ್ತಿದ್ದಾರೆ. ಒಳ್ಳೆಯ ಮಾತು, ಬೆಂಗಳೂರಿನಲ್ಲಿ ಇದು ತುಂಬ ಮನೆಗಳಲ್ಲಿ ಇದೆ. ಅದು ಎನ್‌ಟಿಎಸ್‌ಸಿ ಪದ್ಧತಿಯದು: 525 ಗೆರೆ, ಸೆಕೆಂಡಿಗೆ ಸುಮಾರು 30 ಫ್ರೇಮ್. ನಮ್ಮಲ್ಲಿ ಮಾರುತ್ತಿದ್ದ ಕೆಲವು ವಿಸಿಆರ್‌ಗಳು ಅದನ್ನೂ ಓಡಿಸುತ್ತವೆ. ಆದರೆ ಹೊರಗೆ ಕೊಡುವಾಗ ಪಾಲ್ ಬಣ್ಣ, ಎನ್‌ಟಿಎಸ್‌ಸಿ ಗೆರೆ ಅಂತ ಕಲಬೆರಕೆ ಮಾಡಿ ಕೊಡುತ್ತವೆ. ಅದಕ್ಕೆ ಪಾಲ್-60 ಅನ್ನುತ್ತಾರೆ. ಟಿವಿಗೆ ಅದು ನಡೆಯುತ್ತದೆ. ಕ್ಯಾಪ್ಚರ್ ಡಬ್ಬಿ, ಅಂದರೆ ಕಾರ್ಡಿನ ಕೆಲಸವನ್ನೇ ಹೊರಗಿನಿಂದ ಮಾಡುವ ಪೆಟ್ಟಿಗೆ, ಮಾತ್ರ ಗೊಂದಲಕ್ಕೆ ಬಿದ್ದು ಕಪ್ಪುಬಿಳುಪು ಚಿತ್ರ ಕೊಡಬಹುದು. ಡಬ್ಬಿಯ ಸೆಟ್ಟಿಂಗ್‌ನಲ್ಲಿ ಪಾಲ್-60 ಇದೆಯಾ ನೋಡಿ. ಇಲ್ಲದಿದ್ದರೆ ನಿಜವಾದ ಎನ್‌ಟಿಎಸ್‌ಸಿ ಕೊಡುವ ವಿಸಿಆರ್ ಬೇಕು.

ವಿಸಿಆರ್ ಆಯಿತು, ಈಗ ತಂತಿ. ಹಳದಿ ಪಿನ್ನಿನದು ಕಾಂಪೊಸಿಟ್. ಅದರಲ್ಲಿ ಬೆಳಕಿನ ಮಾಹಿತಿ, ಬಣ್ಣದ ಮಾಹಿತಿ ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ದುಂಡಗಿನ ನಾಲ್ಕು ಪಿನ್ನಿನದು ಎಸ್-ವಿಡಿಯೋ. ಅದರಲ್ಲಿ ಎರಡೂ ಬೇರೆ ಬೇರೆ ಬರುತ್ತವೆ. ವಿಎಚ್‌ಎಸ್ ಟೇಪಿನ ಮೇಲೆ ಇವು ಬೇರೆ ಬೇರೆಯಾಗಿಯೇ ಇರುತ್ತವೆ. ಒಮ್ಮೆ ಬೆರೆಸಿ ಮತ್ತೆ ಬೇರ್ಪಡಿಸಿದರೆ ಅಂಚುಗಳಲ್ಲಿ ಚುಕ್ಕಿಗಳು ಓಡಾಡುತ್ತವೆ. ಎಸ್-ವಿಡಿಯೋ ಇರುವ ವಿಸಿಆರ್, ಅಂದರೆ ಹೆಚ್ಚಾಗಿ ಎಸ್-ವಿಎಚ್‌ಎಸ್ ಮಾಡೆಲ್, ಸಿಕ್ಕರೆ ಅದನ್ನೇ ಬಳಸಿ. ಹೈ8 ಕ್ಯಾಮೆರಾದಲ್ಲಿ ಎಸ್-ವಿಡಿಯೋ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮನೆಯ ಮಾಮೂಲಿ ವಿಸಿಆರ್‌ನಲ್ಲಿ ಇರುವುದಿಲ್ಲ, ಆಗ ಹಳದಿಯೇ ಗತಿ. ಅದಕ್ಕೇನೂ ಬೇಜಾರು ಬೇಡ.

ಇನ್ನೊಂದು ವಿಷಯ ಇದೆ, ಅಂಗಡಿಯಲ್ಲಿ ಯಾರೂ ಹೇಳದ್ದು. ಹಳೆಯ ವಿಸಿಆರ್‌ನಿಂದ ಬರುವ ಗೆರೆಗಳು ನಮ್ಮ ಸಿಟಿ ಬಸ್ಸುಗಳ ಥರ. ಒಂದು ತಡ, ಇನ್ನೊಂದು ಬೇಗ, ಕೆಲವೊಮ್ಮೆ ಒಂದೂ ಇಲ್ಲ. ಹಳೆಯ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು. ಕ್ಯಾಪ್ಚರ್ ಚಿಪ್ಪು ಸಹಿಸಿಕೊಳ್ಳುವುದಿಲ್ಲ. ಕಂಬ, ಬಾಗಿಲ ಚೌಕಟ್ಟು ಇಂಥವು ಸೊಟ್ಟ ಸೊಟ್ಟ ಕಾಣುತ್ತವೆ. ಫ್ರೇಮ್‌ಗಳು ಬಿದ್ದುಹೋಗುತ್ತವೆ, ಕೊನೆಗೆ ಮಾತು ಒಂದು ಕಡೆ, ತುಟಿ ಒಂದು ಕಡೆ. ಈ ಗೆರೆಗಳನ್ನು ಹಿಡಿದು ನಿಲ್ಲಿಸಿ ಸರಿಯಾದ ಹೊತ್ತಿಗೆ ಬಿಡುವ ಉಪಕರಣಕ್ಕೆ ಟೈಮ್ ಬೇಸ್ ಕರೆಕ್ಟರ್, ಟಿಬಿಸಿ ಅನ್ನುತ್ತಾರೆ. ಅದು ದುಬಾರಿ. ಆದರೆ ಒಂದು ಬಡವರ ಉಪಾಯ ಇದೆ. ಕೆಲವು ಹಳೆಯ ಡಿವಿಡಿ ರೆಕಾರ್ಡರ್‌ಗಳು, ಪ್ಲೇಯರ್ ಅಲ್ಲ, ರೆಕಾರ್ಡರ್, ಬಂದ ಸಿಗ್ನಲ್ಲನ್ನು ಒಳಗೆ ನೇರ ಮಾಡಿ ಹೊರಗೆ ಬಿಡುತ್ತವೆ. ಪ್ಯಾನಸೋನಿಕ್‌ನ ಇಎಸ್10 ಇದಕ್ಕೇ ಹೆಸರಾದದ್ದು. ವಿಸಿಆರ್‌ಗೂ ಕ್ಯಾಪ್ಚರ್ ಡಬ್ಬಿಗೂ ನಡುವೆ ಅಂಥದ್ದೊಂದು ಇಟ್ಟು ನೋಡಿ. ರೆಕಾರ್ಡ್ ಏನೂ ಮಾಡಬೇಕಾಗಿಲ್ಲ, ಸುಮ್ನೆ ಹಾದುಹೋಗಲಿ ಸಾಕು.

ಈಗ ಕಾರ್ಡ್. ಕಾರ್ಡ್ ಮಾಡುವ ಕೆಲಸ ಇಷ್ಟೇ: ಏರಿಳಿಯುವ ಸಿಗ್ನಲ್ಲನ್ನು ಅಂಕಿಗಳಾಗಿ ಬದಲಾಯಿಸುವುದು. ಪಾಲ್ ಚಿತ್ರ ಅಂಕಿಯಾದಾಗ 720 ಅಡ್ಡ, 576 ಉದ್ದ. ಪ್ರತಿ ಚುಕ್ಕಿಗೆ ಎರಡು ಬೈಟ್, ಸೆಕೆಂಡಿಗೆ 25 ಸಲ. ಗುಣಿಸಿದರೆ ಸೆಕೆಂಡಿಗೆ ಸುಮಾರು 21 ಮೆಗಾಬೈಟ್. ಬಿಟ್ ಲೆಕ್ಕದಲ್ಲಿ 166 ಮೆಗಾಬಿಟ್. ಹಳೆಯ ಯುಎಸ್‌ಬಿ 2.0 ವೇಗ 480 ಮೆಗಾಬಿಟ್. ಅಂದರೆ ಒಂದು ಮಾಮೂಲಿ ಯುಎಸ್‌ಬಿ ಪೋರ್ಟಿನಲ್ಲಿ ಈ ಪೂರ್ತಿ ಚಿತ್ರ, ಒಂಚೂರೂ ಹಿಂಡದೆ, ಅಂದರೆ ಕಂಪ್ರೆಸ್ ಮಾಡದೆ, ಆರಾಮಾಗಿ ಹಿಡಿಸುತ್ತದೆ. ಹಾಗಾಗಿ ಕಂಪ್ಯೂಟರ್ ಬಿಚ್ಚಿ ಸ್ಲಾಟಿನೊಳಗೆ ಹಾಕುವ ಕಾರ್ಡ್ ವಿಎಚ್‌ಎಸ್‌ಗೆ ಈಗ ಅಗತ್ಯವಿಲ್ಲ. ಹಳೆಯ ಪಿಸಿಐ ಟಿವಿ ಟ್ಯೂನರ್ ಕಾರ್ಡ್, ಬಿಟಿ878 ಚಿಪ್ಪಿನದು, ಯಾರಾದರೂ ಪುಕ್ಕಟೆ ಕೊಟ್ಟರೂ ಹಾಕಲು ಜಾಗ ಇಲ್ಲ. ಈಗಿನ ಮದರ್‌ಬೋರ್ಡಿನಲ್ಲಿ ಆ ಸ್ಲಾಟೇ ಬರುವುದಿಲ್ಲ.

ಹಾಗಾದರೆ ಆಗ ದೊಡ್ಡ ದೊಡ್ಡ ಎಡಿಟಿಂಗ್ ಕಾರ್ಡ್ ಯಾಕಿತ್ತು? ಇದನ್ನು ಸ್ವಲ್ಪ ಹೇಳಲೇಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಮದುವೆ ವಿಡಿಯೋ ಸ್ಟುಡಿಯೋಗಳ ಒಳಗೆ ಹೋದವರಿಗೆ ಗೊತ್ತು. ಪಿನಾಕಲ್, ಮ್ಯಾಟ್ರಾಕ್ಸ್, ಕ್ಯಾನೋಪಸ್ ಅನ್ನುವ ಹೆಸರುಗಳು ಅಲ್ಲಿ ದೇವರ ಹೆಸರಿದ್ದ ಹಾಗೆ. ಆಗಿನ ಪ್ರೊಸೆಸರ್‌ಗೆ ಒಂದು ವಿಡಿಯೋ ಓಡಿಸುವುದೇ ಕಷ್ಟ. ಎರಡು ವಿಡಿಯೋ ಬೆರೆಸಿ, ವಧು ಹೃದಯದೊಳಗೆ, ವರ ತಾವರೆ ಹೂವಿನೊಳಗೆ ತಿರುಗುವ ಎಫೆಕ್ಟ್ ಮಾಡಬೇಕು ಅಂದರೆ ಒಂದು ನಿಮಿಷದ ತುಣುಕಿಗೆ ಬಹಳ ಹೊತ್ತು ರೆಂಡರ್ ಆಗುತ್ತಾ, ಅಂದರೆ ಫ್ರೇಮ್ ಫ್ರೇಮಿಗೂ ಲೆಕ್ಕ ಹಾಕುತ್ತಾ, ಕೂರುತ್ತಿತ್ತು. ಮ್ಯಾಟ್ರಾಕ್ಸ್ ಆರ್‌ಟಿ2000 ಥರದ ಕಾರ್ಡ್‌ಗಳು ಆ ಲೆಕ್ಕವನ್ನು ತಮ್ಮದೇ ಚಿಪ್ಪಿನಲ್ಲಿ ಮಾಡಿ, ಎಫೆಕ್ಟನ್ನು ಅಲ್ಲೇ ತೋರಿಸುತ್ತಿದ್ದವು. ಸ್ಟುಡಿಯೋದವರು ಸಾಲ ಮಾಡಿ ಕೊಂಡರು, ಕೊಂಡಮೇಲೆ ಎಫೆಕ್ಟ್ ಹಾಕದೆ ಬಿಡುತ್ತಾರಾ? ಆ ಕಾಲದ ಮದುವೆ ವಿಡಿಯೋಗಳಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ಹಾರ್ಟು ಹಾರುವುದಕ್ಕೆ ಕಾರಣ ಆ ಕಾರ್ಡಿನ ಕಂತು ಅಂತ ನನ್ನ ಗುಮಾನಿ.

ಆ ಕಾಲದ ಇನ್ನೊಂದು ಬಳುವಳಿ ವಿಸಿಡಿ. ತುಂಬ ಜನ ಕ್ಯಾಸೆಟ್ಟನ್ನು ಆಗಲೇ ವಿಸಿಡಿ ಮಾಡಿಸಿದ್ದೀರಿ. ಅದು 352 × 288 ಚಿತ್ರ. ಅಡ್ಡಕ್ಕೂ ಉದ್ದಕ್ಕೂ ಅರ್ಧರ್ಧ. ಜೊತೆಗೆ 50 ಅರ್ಧ ಚಿತ್ರಗಳಲ್ಲಿ 25 ಮಾತ್ರ ಉಳಿದಿರುತ್ತವೆ. ವಿಸಿಡಿ ಇದೆ ಅಂತ ಕ್ಯಾಸೆಟ್ ಎಸೆಯಬೇಡಿ. ಇವತ್ತಿಗೂ ಮೂಲ ಅದೇ.

ಅಂಗಡಿಗೆ ಬರೋಣ. ಸಾವಿರ ರೂಪಾಯಿಯ ಒಳಗೆ ಒಂದು ಯುಎಸ್‌ಬಿ ಕಡ್ಡಿ ಕೊಡುತ್ತಾರೆ. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಹಳದಿ, ಕೆಂಪು, ಬಿಳಿ ಮತ್ತು ಎಸ್-ವಿಡಿಯೋ. ಈಸಿಕ್ಯಾಪ್ ಅಂತ ಹೆಸರು. ಇದರ ಕಷ್ಟ ಏನೆಂದರೆ ಹೊರಗಿನ ಪ್ಲಾಸ್ಟಿಕ್ ಒಂದೇ, ಒಳಗಿನ ಚಿಪ್ಪು ಮಾತ್ರ ಬೇರೆ ಬೇರೆ. ಕೆಲವದರಲ್ಲಿ ಎಸ್‌ಟಿಕೆ1160, ಕೆಲವದರಲ್ಲಿ ಎಂಪಿಯಾ ಕಂಪನಿಯದು, ಕೆಲವದರಲ್ಲಿ ಯುಟಿವಿ007. ನಿಮ್ಮ ಸ್ನೇಹಿತರಿಗೆ ಚೆನ್ನಾಗಿ ಬಂತು ಅಂತ ಅದೇ ಅಂಗಡಿಯಲ್ಲಿ, ಅದೇ ಡಬ್ಬಿ ಕೊಂಡರೂ ನಿಮಗೆ ಬೇರೆಯದೇ ಸಿಕ್ಕಿರಬಹುದು. ಜೊತೆಗೆ ಕೊಡುವ ಸಿಡಿಯಲ್ಲಿ ಇರುವ, ಡಬ್ಬಿಯನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ನಿಮ್ಮ ಚಿಪ್ಪಿನದೇ ಅನ್ನುವ ಖಾತ್ರಿಯೂ ಇಲ್ಲ.

ಹೆಸರು ಕೇಳಿದ್ದಿರಲ್ಲ. ಹಾಪಾಜ್ ಕಂಪನಿಯ ಯುಎಸ್‌ಬಿ-ಲೈವ್2 ಸಿಕ್ಕರೆ ತೆಗೆದುಕೊಳ್ಳಿ. ಕಾಂಪೊಸಿಟ್, ಎಸ್-ವಿಡಿಯೋ ಎರಡೂ ಇದೆ, ಪಾಲ್ ಪೂರ್ತಿ ಅಳತೆಯಲ್ಲಿ ಬರುತ್ತದೆ, ಹಿಂಡದೆ ಕೊಡುತ್ತದೆ. ಫೈರ್‌ವೈರ್ ಇರುವ ಕಂಪ್ಯೂಟರ್ ಇದ್ದರೆ ಸೆಕೆಂಡ್ ಹ್ಯಾಂಡಿನಲ್ಲಿ ಕ್ಯಾನೋಪಸ್ ಎಡಿವಿಸಿ-110 ನೋಡಿ. ಅದು ಅನಲಾಗ್ ಸಿಗ್ನಲ್ಲನ್ನು ಡಿವಿ ಮಾಡಿ ಕೊಡುವ ಡಬ್ಬಿ. ಚಿತ್ರ, ಸದ್ದು ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಿರುತ್ತದೆ, ಹಾಗಾಗಿ ಮೂರು ಗಂಟೆಯ ಟೇಪಿನ ಕೊನೆಯಲ್ಲೂ ತುಟಿ-ಮಾತು ತಪ್ಪುವುದಿಲ್ಲ. ದುಬಾರಿಯದೇ ಒಳ್ಳೆಯದು ಅಂದುಕೊಂಡು ಬ್ಲ್ಯಾಕ್‌ಮ್ಯಾಜಿಕ್‌ನ ಇಂಟೆನ್ಸಿಟಿ ಥರದ್ದಕ್ಕೆ ಹೋಗಬೇಡಿ. ಅದು ಸ್ಟುಡಿಯೋದ ನೆಟ್ಟಗಿನ ಸಿಗ್ನಲ್ಲಿಗೆ ಮಾಡಿದ್ದು. ಟಿಬಿಸಿ ಇಲ್ಲದೆ ಹಳೆಯ ವಿಸಿಆರ್ ಜೋಡಿಸಿದರೆ ಆಗಾಗ ಚಿತ್ರವನ್ನೇ ಕೈಬಿಡುತ್ತದೆ.

ಎಚ್‌ಡಿಎಂಐ ಕ್ಯಾಪ್ಚರ್ ಕಡ್ಡಿ ಅಂತ ಇನ್ನೊಂದು ಅಗ್ಗದ್ದು ಈಗ ಎಲ್ಲ ಕಡೆ ಇದೆ. ಅದು ಒಳ್ಳೆಯದೇ, ಆದರೆ ಬೇರೆ ಕೆಲಸಕ್ಕೆ. ಆನ್‌ಲೈನ್ ಪಾಠ ಮಾಡುವವರು, ಕ್ಯಾಮೆರಾವನ್ನು ವೆಬ್‌ಕ್ಯಾಮ್ ಮಾಡಿಕೊಳ್ಳುವವರು ಬಳಸಲಿ. ಡಬ್ಬಿಯ ಮೇಲೆ 4ಕೆ ಅಂತ ಬರೆದಿರುತ್ತದೆ. 4ಕೆ ಒಳಗೆ ಹೋಗುತ್ತದೆ ಅಷ್ಟೇ, ಹೊರಗೆ ಬರುವುದು 1080, ಅದೂ ಹಿಂಡಿದ್ದು. ಇದಕ್ಕೆ ವಿಸಿಆರ್ ಜೋಡಿಸಲು ಎವಿ-ಟು-ಎಚ್‌ಡಿಎಂಐ ಪುಟ್ಟ ಪೆಟ್ಟಿಗೆ ಕೊಡುತ್ತಾರೆ. ಬೇಡ. ಆ ಪೆಟ್ಟಿಗೆ ನಿಮ್ಮ ಚಿತ್ರವನ್ನು ಎಳೆದು ಅಗಲ ಮಾಡುತ್ತದೆ, ಎರಡು ಅರ್ಧಗಳನ್ನು ಹೇಗೋ ಕಲಸುತ್ತದೆ. ಆಮೇಲೆ ಬಿಡಿಸಲು ಬರುವುದಿಲ್ಲ. ಚೌಕ ಟಿವಿಯಲ್ಲಿ ತೆಳ್ಳಗಿದ್ದ ಮದುಮಗಳು ಇದ್ದಕ್ಕಿದ್ದಂತೆ ದಪ್ಪಗಾಗಿ, ಮನೆಯಲ್ಲಿ ಜಗಳ.

ಯಾವುದನ್ನೇ ಕೊಳ್ಳಿ, ಅದನ್ನು ಪರೀಕ್ಷಿಸುವುದು ಹೇಗೆ? ನನ್ನ ಪರೀಕ್ಷೆ ಒಂದೇ. ಧಾರೆಯ ಆ ಒಂದು ನಿಮಿಷ. ಯಾವುದಾದರೂ ಮದುವೆ ಕ್ಯಾಸೆಟ್ ತೆಗೆದುಕೊಂಡು, ಮೊದಲಿನಿಂದ ನಿಲ್ಲಿಸದೆ ಕ್ಯಾಪ್ಚರ್ ಮಾಡಿ, ಮುಹೂರ್ತದ ಹೊತ್ತು ನೋಡಿ. ಅಂತರಪಟ ಸರಿಯುತ್ತದೆ, ಗಟ್ಟಿಮೇಳ ಶುರು, ಎಲ್ಲ ಕಡೆಯಿಂದ ಅಕ್ಷತೆ, ಫೋಟೋದವರ ಫ್ಲ್ಯಾಶ್ ಮೇಲೆ ಫ್ಲ್ಯಾಶ್. ವಿಡಿಯೋ ಹಿಂಡುವ ತಂತ್ರಕ್ಕೆ ಇದಕ್ಕಿಂತ ಕಷ್ಟದ ದೃಶ್ಯ ಇಲ್ಲ. ಆ ತಂತ್ರ ನಿಂತಿರುವುದೇ "ಈ ಫ್ರೇಮು ಹಿಂದಿನದರ ಹಾಗೇ ಇದೆ" ಅನ್ನುವ ನಂಬಿಕೆಯ ಮೇಲೆ. ಇಲ್ಲಿ ನೂರಾರು ಅಕ್ಕಿಕಾಳು ನೂರಾರು ದಿಕ್ಕಿಗೆ ಹಾರುತ್ತವೆ, ಫ್ಲ್ಯಾಶ್ ಬಿದ್ದಾಗ ಇಡೀ ಫ್ರೇಮು ಬೆಳ್ಳಗಾಗುತ್ತದೆ. ಕಡಿಮೆ ಬಿಟ್‌ರೇಟಿನಲ್ಲಿ, ಅಂದರೆ ತುಂಬ ಬಿಗಿಯಾಗಿ, ಹಿಂಡುವ ಡಬ್ಬಿಯಾದರೆ ಆ ಕ್ಷಣದಲ್ಲಿ ಮುಖಗಳು ಚೌಕ ಚೌಕವಾಗಿ ಒಡೆಯುತ್ತವೆ. ಅಕ್ಷತೆ ಕಾಣುವುದೇ ಇಲ್ಲ, ಬೂದು ಮಂಜು ಕಾಣುತ್ತದೆ.

ಅದೇ ಹೊತ್ತಿಗೆ ಕಿವಿಗೊಡಿ. ಓಲಗ, ಡೋಲು ಎರಡೂ ಜೋರಾಗಿ ಬಂದಾಗ ಸದ್ದು ಕರ್ಕಶವಾಗಿ ಒಡೆಯುತ್ತದಾ? ಅಗ್ಗದ ಕಡ್ಡಿಗಳಲ್ಲಿ ಸದ್ದಿನ ಮಟ್ಟ ಇಳಿಸುವ ದಾರಿಯೇ ಇರುವುದಿಲ್ಲ. ಒಡೆದ ಸದ್ದನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ. ಡೋಲಿನವರ ಕೈ ಬೀಳುವುದಕ್ಕೂ ಸದ್ದು ಬರುವುದಕ್ಕೂ ತಾಳೆ ಇದೆಯಾ ನೋಡಿ. ಧಾರೆ ಸಾಮಾನ್ಯವಾಗಿ ಟೇಪಿನಲ್ಲಿ ತುಂಬ ಹೊತ್ತಾದ ಮೇಲೆ ಬರುವುದರಿಂದ, ಫ್ರೇಮ್ ಬಿದ್ದುಹೋಗಿದ್ದರೆ ಅಲ್ಲಿ ಗೊತ್ತಾಗಿಬಿಡುತ್ತದೆ. ಚಿತ್ರಕ್ಕೆ ಯುಎಸ್‌ಬಿ ಕಡ್ಡಿ, ಸದ್ದಿಗೆ ಕಂಪ್ಯೂಟರಿನ ಲೈನ್-ಇನ್ ಕಿಂಡಿ ಅಂತ ಎರಡು ದಾರಿ ಮಾಡಿದವರಿಗೆ ಇದು ಖಂಡಿತ ತಪ್ಪುತ್ತದೆ. ಎರಡರ ಗಡಿಯಾರ ಬೇರೆ ಬೇರೆ.

ಇನ್ನು ಕೆಂಪು ಸೀರೆ. ಸೀರೆಯ ಕೆಂಪು ಅಂಚಿನಿಂದ ಸ್ವಲ್ಪ ಆಚೆ ಸೋರಿ ಪಕ್ಕದವರ ಪಂಚೆಗೆ ತಾಗಿದ್ದರೆ ಕಾರ್ಡನ್ನು ಬೈಯಬೇಡಿ. ವಿಎಚ್‌ಎಸ್ ಬಣ್ಣವನ್ನು ಬಹಳ ಒರಟಾಗಿ ಹಿಡಿದಿಡುತ್ತದೆ, ಅದು ಟೇಪಿನ ಗುಣ. ಚಿತ್ರದ ಅಡಿಯಲ್ಲಿ ಕೆಲವು ಗೆರೆ ಹರಿದು ಕುಣಿಯುತ್ತಿರುವುದೂ ಹಾಗೆಯೇ. ಅದು ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಜಾಗ. ಹಳೆಯ ಟಿವಿ ಅಂಚುಗಳನ್ನು ಮುಚ್ಚಿಡುತ್ತಿದ್ದುದರಿಂದ ಕಾಣುತ್ತಿರಲಿಲ್ಲ. ಎಡಿಟ್ ಮಾಡುವಾಗ ಕಪ್ಪು ಪಟ್ಟಿ ಎಳೆದು ಮುಚ್ಚಿದರಾಯಿತು.

ಸಾಫ್ಟ್‌ವೇರಿನಲ್ಲಿ ಮೊದಲು ನೋಡಬೇಕಾದ್ದು ಪಾಲ್ ಆಯ್ಕೆ. ತುಂಬ ಡಬ್ಬಿಗಳು ಎನ್‌ಟಿಎಸ್‌ಸಿಗೆ ಹೊಂದಿಸಿಕೊಂಡು ಬರುತ್ತವೆ. ಚಿತ್ರ ಕಪ್ಪುಬಿಳುಪಾಗಿ ಉರುಳುತ್ತಿದ್ದರೆ ಡಬ್ಬಿ ಕೆಟ್ಟಿದೆ ಅಂತ ವಾಪಸ್ ಕೊಡಲು ಓಡಬೇಡಿ, ಪಾಲ್-ಬಿ ಅಂತ ಬದಲಾಯಿಸಿ. ಅಳತೆ 720 × 576 ಇರಲಿ. ಕೆಲವು ಡಬ್ಬಿಗಳು 640 × 480 ಮಾತ್ರ ಕೊಡುತ್ತವೆ. ಅಂಥವು ನಮಗೆ ಬೇಡ, ಸುಮಾರು ನೂರು ಗೆರೆ ಅಲ್ಲೇ ಹೋಯಿತು. ವರ್ಚುವಲ್‌ಡಬ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಹಫ್‌ವೈಯುವಿ ಥರದ, ಏನನ್ನೂ ಕಳೆಯದೆ ಹಿಂಡುವ ಕೋಡೆಕ್ ಹಾಕಿ ಇಳಿಸಿಕೊಳ್ಳಿ. ಪೂರ್ತಿ ಹಿಂಡದೆ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ. ಇದರಲ್ಲಿ ಸುಮಾರು ಅದರ ಅರ್ಧ. ಡಿಸ್ಕಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರಲಿ. ಫ್ಯಾಟ್32 ಆದರೆ ಫೈಲ್ 4 ಜಿಬಿ ಮುಟ್ಟಿದ ತಕ್ಷಣ ನಿಲ್ಲುತ್ತದೆ.

ಆಗ ಹೇಳಿದ 50 ಈಗ ಬರುತ್ತದೆ. ಕ್ಯಾಪ್ಚರ್ ಮಾಡುವಾಗ, ಎರಡು ಅರ್ಧಗಳನ್ನು ಒಂದು ಮಾಡುವ ಡಿಇಂಟರ್‌ಲೇಸ್ ಅನ್ನುವ ಗುಂಡಿ ಒತ್ತಬೇಡಿ. ಕಂಪ್ಯೂಟರ್ ಪರದೆಯಲ್ಲಿ ಕೈ ಬೀಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದೆ, ಕಾಣಲಿ. ಎರಡು ಅರ್ಧಗಳೂ ಇವೆ ಅನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ನಿಧಾನವಾಗಿ, ಒಳ್ಳೆಯ ಫಿಲ್ಟರ್ ಹಾಕಿ, ಆ 50 ಅರ್ಧಗಳಿಂದ 50 ಪೂರ್ತಿ ಫ್ರೇಮ್ ಮಾಡಿಕೊಳ್ಳಬಹುದು. ಯಾದಿಫ್, ಕ್ಯೂಟಿಜಿಎಂಸಿ ಅಂತ ಉಚಿತವಾಗಿ ಸಿಗುತ್ತವೆ. ಓಡಾಟ ಟಿವಿಯಲ್ಲಿ ಇದ್ದಷ್ಟೇ ನುಣುಪಾಗಿ ಬರುತ್ತದೆ. ಅವಸರಕ್ಕೆ 25 ಮಾಡಿಬಿಟ್ಟರೆ ಆ ನುಣುಪು ಹೋಗುತ್ತದೆ. ವಿಸಿಡಿ ಕಾಲದಲ್ಲಿ ಆದದ್ದು ಅದೇ, ಅಲ್ವಾ?

ಎಡಿಟಿಂಗ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ವಿಎಚ್‌ಎಸ್ ಚಿತ್ರ ಇವತ್ತಿನ ಯಾವ ಕಂಪ್ಯೂಟರಿಗೂ ಭಾರವಲ್ಲ. ಎಡಿಟಿಂಗ್ ಕಾರ್ಡ್ ಅಂತ ಬೇರೆ ಬೇಡ. ಶಾಟ್‌ಕಟ್, ಕೆಡೆನ್‌ಲೈವ್, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಯಾವುದು ಒಗ್ಗುತ್ತದೋ ಅದು.

ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲಿ 4ಕೆ ತೆಗೆಯುವವರಿಗೆ ಮಾತ್ರ ಇಲ್ಲಿ ಎರಡು ಮಾತು. ಒಂದು ಕಾಲದಲ್ಲಿ ಎಡಿಟಿಂಗ್ ಕಾರ್ಡ್ ಮಾಡುತ್ತಿದ್ದ ಕೆಲಸವನ್ನು ಈಗ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಒಳಗಿನ ಒಂದು ಮೂಲೆ ಮಾಡುತ್ತದೆ. ಇಂಟೆಲ್‌ನಲ್ಲಿ ಅದರ ಹೆಸರು ಕ್ವಿಕ್ ಸಿಂಕ್, 2011ರಿಂದ ಇದೆ. ಎನ್‌ವಿಡಿಯಾದಲ್ಲಿ ಎನ್‌ವಿಇಎನ್‌ಸಿ, 2012ರಿಂದ. ನಿಮ್ಮ ಕ್ಯಾಮೆರಾ 10 ಬಿಟ್ 4:2:2 ಎಚ್‌ಇವಿಸಿ, ಅಂದರೆ ಬಣ್ಣದ ಮಾಹಿತಿ ಹೆಚ್ಚಿಟ್ಟು ಬಿಗಿಯಾಗಿ ಹಿಂಡಿದ ವಿಡಿಯೋ, ಕೊಡುತ್ತಿದ್ದರೆ ಜಾಗ್ರತೆ. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಅದನ್ನು ಬಿಡಿಸುವ ಶಕ್ತಿ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಿಂದ. ಅದಕ್ಕಿಂತ ಹಿಂದಿನ ಎಷ್ಟು ದೊಡ್ಡ ಕಾರ್ಡ್ ಇದ್ದರೂ ಟೈಮ್‌ಲೈನ್ ತಡವರಿಸುತ್ತದೆ. ಇಂಟೆಲ್‌ನ 11ನೇ ತಲೆಮಾರಿನ ಕ್ವಿಕ್ ಸಿಂಕ್‌ನಲ್ಲೂ, ಆರ್ಕ್ ಕಾರ್ಡ್‌ಗಳಲ್ಲೂ ಅದು ಆಗಲೇ ಇತ್ತು. ಎಸ್‌.ಪಿ. ರೋಡಿನಲ್ಲಿ ಪಿಸಿ ಜೋಡಿಸುವಾಗ "ಎಫ್ ಮಾಡೆಲ್ ತಗೊಳ್ಳಿ ಸಾರ್, ಸ್ವಲ್ಪ ಕಡಿಮೆ ಆಗುತ್ತೆ" ಅನ್ನುತ್ತಾರೆ. ಇಂಟೆಲ್ ಪ್ರೊಸೆಸರಿನಲ್ಲಿ 12400ಎಫ್ ಅಂತ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಅದರ ಜೊತೆ ಕ್ವಿಕ್ ಸಿಂಕ್ ಕೂಡ ಇಲ್ಲ. ಆಟ ಆಡುವವರಿಗೆ ನಷ್ಟವಿಲ್ಲ. ಎಡಿಟ್ ಮಾಡುವವರಿಗೆ ಆ ಉಳಿತಾಯ ದುಬಾರಿ.

ಇದೆಲ್ಲ ನಮ್ಮಿಂದ ಆಗುವುದಿಲ್ಲ, ಅಂಗಡಿಗೆ ಕೊಡಬಹುದಾ ಅಂತ ಕೇಳುತ್ತಿದ್ದೀರಿ. ಖಂಡಿತ ಕೊಡಬಹುದು. ನಾಲ್ಕೈದು ಕ್ಯಾಸೆಟ್ ಮಾತ್ರ ಇದ್ದರೆ ಅದೇ ಲಾಭ. ಆದರೆ ಡಿವಿಡಿ ಬೇಡ, ಫೈಲ್ ಬೇಕು ಅನ್ನಿ. 720 × 576 ಅಳತೆಯಲ್ಲಿ, ಡಿಇಂಟರ್‌ಲೇಸ್ ಮಾಡದೆ, ಅವರು ಮೊದಲು ಇಳಿಸಿಕೊಂಡ ಫೈಲನ್ನೇ ನಿಮ್ಮ ಹಾರ್ಡ್‌ಡಿಸ್ಕಿಗೆ ಹಾಕಿಕೊಡಲು ಹೇಳಿ. ಫೋನಿನಲ್ಲಿ ನೋಡಲು ಸಣ್ಣ ಎಂಪಿ4 ಬೇರೆ ಮಾಡಿಕೊಡಲಿ. ಯಾವ ವಿಸಿಆರ್‌ನಲ್ಲಿ ಓಡಿಸುತ್ತೀರಿ, ಸ್ವಲ್ಪ ನೋಡಬಹುದಾ ಅಂತ ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಬೇರೆ ಅಂಗಡಿ. ಎಲ್ಲ ಕ್ಯಾಸೆಟ್ ಒಟ್ಟಿಗೆ ಕೊಡಬೇಡಿ, ಒಂದನ್ನು ಕೊಟ್ಟು ನೋಡಿ. ಆ ಒಂದು ಧಾರೆಯದಾಗಿರುವುದು ಬೇಡ, ಆರತಕ್ಷತೆಯದು ಕೊಡಿ. ಸ್ಟೇಜ್ ಮೇಲೆ ಕೈಕುಲುಕಿ ಕವರ್ ಕೊಡುವ ಮೂರು ಗಂಟೆ ಹಾಳಾದರೂ ಮನೆಯಲ್ಲಿ ಯಾರೂ ಕೇಳುವುದಿಲ್ಲ.